ಗೋವೆಗೆ ಹೊರಟಾಗ ಬಾವಿಯಲ್ಲಿ ಕೇಳಿದ್ದು

ಗೋಕಾಕದಲ್ಲಿ ಬೆಲ್ಲದ ಅಡತಿ ಅಂಗಡಿ ಇಟ್ಟಿದ್ದ ನಮ್ಮ ಭಾವನವರು ಒಂದು ಸಂಜೆ ಮೂಡಲಗಿಯ ಮನೆಗೆ ಬಂದವರೇ, ಕಾಲಿಗೆ ನೀರು ಹಾಕಿಕೊಳ್ಳುವ ಮೊದಲೇ, "ಈ ಸಲ ಹೋಳಿ ಹುಣ್ಣಿಮಿ ಆದ ಕೂಡಲೇ ನಾಕೂ ಮಂದಿ ಗೋವಾಕ್ಕ ಹೋಗೂನು" ಎಂದರು.

ನಾಲ್ಕು ಮಂದಿ ಎಂದರೆ ಭಾವನವರು, ಅವರ ಹೆಂಡತಿ, ಅವರ ತಮ್ಮನಾದ ನನ್ನ ಯಜಮಾನರು, ನಾನು. ಹುಕ್ಕೇರಿಯಿಂದ ನಾನು ಆ ಮನೆಗೆ ಸೊಸೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ಭಾವನವರ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಇಬ್ಬರು ಹೆಣ್ಣುಮಕ್ಕಳ ಲಗ್ನ ಮಾಡಿಕೊಟ್ಟು ಮುಗಿಸಿದ್ದವರು. ನಾನು ಅವರನ್ನು ಅಕ್ಕಾರು ಎನ್ನುತ್ತಿದ್ದೆ. ಮಾತು ಕಡಿಮೆ, ಕೆಲಸ ಬಹಳ. ಗೋಕಾಕದ ಆಚೆಗೆ ಅವರು ಏನನ್ನೂ ಕಂಡಿರಲಿಲ್ಲ.

ಗೋವೆ ಆಗ ಪೋರ್ತುಗೀಜರ ರಾಜ್ಯ. ಅಲ್ಲಿಯ ಸರಕಾರ ಬೇರೆ, ನಾಣ್ಯ ಬೇರೆ. ರೈಲು ಘಟ್ಟ ಇಳಿಯುವಾಗ ಜಕಾತಿ ನಾಕೆಯಲ್ಲಿ ಗಂಟುಮೂಟೆ ಬಿಚ್ಚಿ ತೋರಿಸಬೇಕು. ಅತ್ತೆಯವರಿಗೆ ಇದು ಹಿಡಿಸಲಿಲ್ಲ.

"ಪರದೇಶಕ್ಕ ಹೆಣ್ಣಮಕ್ಕಳನ ಕರಕೊಂಡ ಹೊಕ್ಕೀಯೇನು? ಮಂದಿ ಏನ ಅಂದಾರು?"

"ಅವ್ವಾ, ಮುಂಜಾನೆ ಗಾಡಿ ಹತ್ತಿದ್ರ ಸಂಜೀಕ ಬರೂ ಪರದೇಶ ಅದು" ಎಂದು ಭಾವನವರು ನಕ್ಕರು. ಮಡಗಾವಿಯ ವ್ಯಾಪಾರಿಯೊಬ್ಬ ಅವರ ಬೆಲ್ಲ ಕೊಳ್ಳುತ್ತಿದ್ದ. ಮನೆಗೆ ಬರ್ರಿ ಬರ್ರಿ ಎಂದು ಸುಗ್ಗಿಗೊಮ್ಮೆ ಕರೆಯುತ್ತಿದ್ದ. ಘಟ್ಟದಲ್ಲಿ ರೈಲಿನಿಂದಲೇ ಹಾಲಿನಂತೆ ಇಳಿಯುವ ಜಲಪಾತ ಕಾಣುತ್ತದಂತೆ. ಗುಡ್ಡದ ಮೇಲಿನ ಹಳೆಯ ಕೋಟೆ ಹತ್ತಬಹುದು, ದೋಣಿಯಲ್ಲಿ ಕೂತು ಹೊಳೆಯ ಬಾಯಿಯತನಕ ಹೋಗಬಹುದು, ಸಮುದ್ರ ಸ್ನಾನ ಮಾಡಬಹುದು. ಭಾವನವರು ಇದನ್ನೆಲ್ಲ ಹೇಳುತ್ತಿದ್ದಾಗ ಅಕ್ಕಾರು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಬಡಿಯುವ ಸಪ್ಪಳ ನಿಂತಿತು.

"ಸಮುದ್ರದಾಗ ಇಳಿಯಾಕ ಬಿಡ್ತಾರೇನ್ರಿ?" ಎಂದು ಒಳಗಿನಿಂದಲೇ ಕೇಳಿದರು.

"ಯಾರ ಬ್ಯಾಡ ಅಂತಾರ? ಈಸ ಬರಬೇಕ ನೋಡು."

ಮರುದಿನವೇ ಅಕ್ಕಾರು ನನ್ನನ್ನು ಹಿತ್ತಲಿಗೆ ಕರೆದರು. ತವರಿನಲ್ಲಿ ಅಣ್ಣಂದಿರ ಜೊತೆ ನಾನು ಈಜು ಕಲಿತದ್ದು ಅವರಿಗೆ ಗೊತ್ತಿತ್ತು. "ನನಗ ಈಸ ಕಲಸ ತಂಗಿ" ಎಂದರು. ಆ ಮನೆಯಲ್ಲಿ ಅವರು ಯಾರಿಂದಲೂ ಏನನ್ನೂ ಬೇಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ತೋಟದಲ್ಲಿ ನಮ್ಮದೊಂದು ಮೆಟ್ಟಿಲ ಬಾವಿ ಇತ್ತು. ಚೌಕಾಗಿ ಕಲ್ಲು ಕಟ್ಟಿದ್ದು, ಬೇಸಿಗೆಯಲ್ಲೂ ನೀರು ಎರಡಾಳು ಇರುತ್ತಿತ್ತು. ಗೋಡೆಯ ಗೂಡುಗಳಲ್ಲಿ ಪಾರಿವಾಳಗಳಿದ್ದವು. ಮಧ್ಯಾಹ್ನ ಆಳುಗಳು ಉಂಡು ಬೇವಿನ ನೆರಳಿಗೆ ಮಲಗಿದ ಮೇಲೆ ನಾವಿಬ್ಬರೂ ಇಳಿಯುತ್ತಿದ್ದೆವು. ಸೀರೆಗೆ ಬಿಗಿಯಾಗಿ ಕಚ್ಚೆ ಹಾಕಿ, ಅಕ್ಕಾರ ಬೆನ್ನಿಗೆ ಒಣಗಿದ ಕುಂಬಳದ ಬುರುಡೆ ಕಟ್ಟುತ್ತಿದ್ದೆ. ಮೊದಮೊದಲು ಮೆಟ್ಟಿಲು ಬಿಡಲು ಅಂಜಿ ನನ್ನ ಕೈಯನ್ನು ಉಗುರು ಊರುವ ಹಾಗೆ ಹಿಡಿಯುತ್ತಿದ್ದರು. ಆಮೇಲೆ ಧೈರ್ಯ ಬಂತು. ಮಕಾಡೆ ಈಸುವುದಕ್ಕಿಂತ ಅಂಗಾತ ತೇಲುವುದು ಅವರಿಗೆ ಬೇಗ ಒಲಿಯಿತು. ಕಣ್ಣು ಮುಚ್ಚಿ, ಕಿವಿ ನೀರಿನೊಳಗೆ ಬಿಟ್ಟು, ಮುಖವಷ್ಟೇ ಮೇಲೆ ಮಾಡಿ ಬಹಳ ಹೊತ್ತು ಮಲಗಿಬಿಡುತ್ತಿದ್ದರು.

ಹೀಗೆ ಮಲಗಿದ್ದವರು ಒಂದು ದಿನ ತಟ್ಟನೆ ಎದ್ದು ಮೆಟ್ಟಿಲು ಹಿಡಿದುಕೊಂಡರು.

"ಧಬಧಬಿ ಸಪ್ಪಳ ಇಲ್ಲೀತನಾ ಬರತೈತೇನ ತಂಗಿ?"

ನನಗೆ ನಗು ಬಂತು. ಗೋಕಾಕದ ಧಬಧಬಿ ಜಲಪಾತ ಎಲ್ಲಿ, ನಮ್ಮ ತೋಟ ಎಲ್ಲಿ. ಅದೂ ಆ ದಿನಗಳಲ್ಲಿ ಹೊಳೆಯ ನೀರೆಲ್ಲ ಗಿರಣಿಗೂ ಕಾಲುವೆಗೂ ಹೋಗಿ, ಬಂಡೆಯ ಮೇಲಿಂದ ನಾಲ್ಕು ಎಳೆ ಇಳಿದರೆ ಹೆಚ್ಚು. "ಕಿವ್ಯಾಗ ನೀರ ಹೊಕ್ಕಿರಬೇಕ್ರಿ ಅಕ್ಕಾರ" ಎಂದೆ.

ಅವರು ತಲೆ ಅಲ್ಲಾಡಿಸಿದರು. "ಖರೆ, ಧಬಧಬಿ ಅಲ್ಲ ಬಿಡು. ಧಬಧಬಿ ಉಸರ ತಗೊಳ್ಳೂದಿಲ್ಲ. ಇದು ತಗೊಳ್ಳಾಕತ್ತೈತಿ."

ನಾನೂ ಕಿವಿ ಮುಳುಗಿಸಿ ತೇಲಿದೆ. ನನ್ನ ಎದೆ ಬಡಿತ ಕೇಳಿತು, ಅಷ್ಟೆ. ಮುಂದೆ ಕೆಲವು ದಿನ ಅಕ್ಕಾರು ಆ ಮಾತು ತೆಗೆಯಲಿಲ್ಲ, ನಾನೂ ಕೆದಕಲಿಲ್ಲ. ಮನೆಯಲ್ಲಿ ಹೊರಡುವ ತಯಾರಿ ನಡೆದಿತ್ತು. ಕಟಕ ರೊಟ್ಟಿ ಮಾಡಿ ಬುಟ್ಟಿ ತುಂಬಿದೆವು. ಶೇಂಗಾ ಚಟ್ನಿ ಕುಟ್ಟಿದೆವು. ಕೋಟೆ ಹತ್ತುವುದಕ್ಕೆಂದು ಭಾವನವರು ನಮ್ಮಿಬ್ಬರಿಗೂ ಹೊಸ ಚಪ್ಪಲಿ ಹೊಲಿಸಿದರು. ಅವು ಕಚ್ಚಬಾರದೆಂದು ಅಕ್ಕಾರು ಎಣ್ಣೆ ಸವರಿ ಅಂಗಳದಲ್ಲೇ ಹಾಕಿಕೊಂಡು ತಿರುಗುತ್ತಿದ್ದರು. ಅತ್ತೆಯವರು ಕಂಡು ಮುಖ ತಿರುಗಿಸುತ್ತಿದ್ದರು.

ಮತ್ತೆ ಒಂದು ಮಧ್ಯಾಹ್ನ. ಬಿಸಿಲು ಬಾವಿಯ ಅರ್ಧ ಗೋಡೆಯತನಕ ಇಳಿದಿತ್ತು. ಗೂಡುಗಳಲ್ಲಿ ಒಂದೂ ಪಾರಿವಾಳ ಇರಲಿಲ್ಲ. ಎಲ್ಲಿ ಹೋದವೋ ಎಂದುಕೊಳ್ಳುತ್ತ ನಾನು ಅಂಗಾತ ತೇಲಿದೆ. ಕಿವಿ ಮುಳುಗಿತು. ಆಗ ಕೇಳಿತು.

ದೂರದಿಂದ ಬಂತು. ಮೆಲ್ಲಗೆ ಏರುತ್ತ ಬಂದು ನನ್ನ ಬೆನ್ನ ಕೆಳಗೇ ಬಂದಂತಾಗಿ, ಅಲ್ಲಿ ಒಂದು ಗಳಿಗೆ ನಿಂತು, ಮತ್ತೆ ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಿತು. ನಡುವೆ ಮೌನ. ಆ ಮೌನ ಸಪ್ಪಳಕ್ಕಿಂತ ಕೆಟ್ಟದಾಗಿತ್ತು, ಏಕೆಂದರೆ ಅದರಲ್ಲಿ ನಾನು ನನ್ನ ಉಸಿರನ್ನೂ ಹಿಡಿದು ಕಾಯುತ್ತಿದ್ದೆ. ಮತ್ತೆ ಬಂತು. ಕಣ್ಣು ತೆರೆದು ನೋಡಿದರೆ ನೀರು ಕನ್ನಡಿಯಂತೆ ನಿಂತಿದೆ. ನಾನು ಬಿಟ್ಟ ಅಲೆ ಕೂಡ ಗೋಡೆ ಮುಟ್ಟಿ ಸತ್ತುಹೋಗಿದೆ. ಅಕ್ಕಾರು ಮೆಟ್ಟಿಲ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು.

"ಕೇಳಿಸ್ತಲ್ಲ?"

ನಾನು ಹೌದೆಂದೆ. ಹಲ್ಲು ಕಟಕಟ ಅನ್ನುತ್ತಿದ್ದವು. ಚಳಿ ಇರಲಿಲ್ಲ.

"ಹಂಗಾದ್ರ ನನಗ ಹುಚ್ಚ ಹಿಡದಿಲ್ಲ" ಎಂದು ಅಕ್ಕಾರು ದೊಡ್ಡದಾಗಿ ನಿಟ್ಟುಸಿರು ಬಿಟ್ಟರು.

ಅಂದು ಸಂಜೆ ನಾನು ಯಜಮಾನರಿಗೆ ಹೇಳಿದೆ. ಅವರು ನಗಲಿಲ್ಲ. ಮರುದಿನ ತಾವೇ ಹೋಗಿ ಬಾವಿಯ ತಳಕ್ಕೆ ಮುಳುಗಿ, ಗೋಡೆಯನ್ನೆಲ್ಲ ತಡವಿ ಬಂದರು. "ನೀರಿನ ಸೆಲಿ ಎಲ್ಲೆರ ಕಲ್ಲಬಂಡಿ ಸಂದ್ಯಾಗ ಹರೀತಿರಬೇಕು. ನನಗೇನೂ ಕೇಳಲಿಲ್ಲ" ಎಂದರು. ನನಗೂ ಹಾಗೇ ಇರಲಿ ಎನಿಸಿತು. ಅದಾದ ಮೇಲೆ ನಾನು ನೀರಿಗೆ ಇಳಿದರೂ ಕಿವಿ ಮುಳುಗಿಸಲಿಲ್ಲ.

ಆದರೆ ಅಕ್ಕಾರಿಗೆ ಅದು ಬಾವಿಯ ಹೊರಗೂ ಕೇಳತೊಡಗಿತ್ತು. ಬೀಸುವಾಗ ಕಲ್ಲು ನಿಲ್ಲಿಸಿ ಆಲಿಸುತ್ತಿದ್ದರು. ಒಂದು ಸಲ ಜೋಳ ತೆಗೆಯಲೆಂದು ಅಂಗಳದ ಹಗೇವಿನ ಬಾಯಿ ತೆರೆಸಿದರು. ಆಳು ಇಳಿಯುವ ಮೊದಲು ಆ ನೆಲದ ಕಣಜದ ಬಾಯಿಗೆ ತಾವೇ ಬಗ್ಗಿ ಕಿವಿಯಿಟ್ಟು ಕೂತರು. ಸೊಸೆ ಹಗೇವಿನ ಕತ್ತಲೆಯೊಳಗೆ ಯಾರ ಮಾತನ್ನೋ ಕೇಳುತ್ತಿರುವ ಹಾಗೆ ನಡುನಡುವೆ ತಲೆಯಾಡಿಸುತ್ತಿರುವುದನ್ನು ಅತ್ತೆಯವರು ಪಡಸಾಲೆಯಿಂದ ಕಂಡರು. ಅವರ ಕೈಯಲ್ಲಿದ್ದ ಮೊರ ಜಾರಿ ಬಿತ್ತು.

ಮನೆಗೆ ಮಠದ ಅಯ್ಯನವರನ್ನು ಕರೆಸಿದರು. ವಯಸ್ಸಾದವರು, ಮೆತ್ತಗಿನ ಮಾತಿನವರು. ಅಕ್ಕಾರ ಹಣೆಗೆ ವಿಭೂತಿ ಹಚ್ಚಿ ಎದುರಿಗೆ ಕೂಡಿಸಿಕೊಂಡು ಕೇಳಿದರು: "ಅಂಜಿಕಿ ಆಗತೈತೇನವಾ?"

"ಇಲ್ರಿ ಅಜ್ಜಾರ. ಯಾರನ್ನೋ ಕರದಂಗ ಆಗತೈತಿ. ನನ್ನನ್ನ ಕರಿಯಾಕತ್ತಿಲ್ಲ ಅಂತ ಗೊತ್ತೈತಿ. ಆದ್ರ ಕೇಳಾಕ ನಾ ಒಬ್ಬಾಕಿನ ಇದ್ದೇನಲ್ಲ, ಅದಕ್ಕ ಕೇಳತೇನಿ."

ಅಯ್ಯನವರು ಅತ್ತೆಯವರ ಕಡೆ ತಿರುಗಿ, "ಸಮುದ್ರದ ಧ್ಯಾನ ಮನಸ್ಸಿಗೆ ಹತ್ತೇತಿ. ಕರಕೊಂಡ ಹೋಗಿ ತೋರಿಸ್ರಿ. ಕಣ್ಣ ನೋಡಿದ್ರ ಕಿವಿ ಸುಮ್ಮನಾಕ್ಕಾವು" ಎಂದರು. ಬೇಡ ಬೇಡ ಎನ್ನುತ್ತಿದ್ದ ಅತ್ತೆಯವರೇ ಆಮೇಲೆ ಹೊರಡಿರಿ ಹೊರಡಿರಿ ಎಂದು ಅವಸರ ಮಾಡಿದರು. ಮೋಜಿನ ಪ್ರವಾಸ ಹೀಗೆ ಔಷಧದ ಪ್ರವಾಸವಾಯಿತು. ಭಾವನವರ ಮುಖದ ನಗು ಮಾಸಿತ್ತು. ಆದರೂ ಅವರು ಹೆಂಡತಿಯ ಮುಂದೆ ಕೋಟೆ, ದೋಣಿ, ಗೇರುಹಣ್ಣು ಎಂದು ಎಲ್ಲವನ್ನೂ ಮೊದಲಿನ ಹುರುಪಿನಲ್ಲೇ ಹೇಳುತ್ತಿದ್ದರು.

ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿದೆವು. ಲೋಂಡಾದಲ್ಲಿ ಗಾಡಿ ಬದಲಿಸಿ ಘಟ್ಟ ಇಳಿದೆವು. ಬೋಗದೆಗಳ ಕತ್ತಲು, ಬೆಳಕು, ಮತ್ತೆ ಕತ್ತಲು. ಜಲಪಾತ ಕಿಟಕಿಯ ಪಕ್ಕದಲ್ಲೇ ಬಂದಾಗ ಡಬ್ಬಿಯವರೆಲ್ಲ ಎದ್ದು ನಿಂತರು. ಅಕ್ಕಾರು ಮಾತ್ರ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತೇ ನೋಡಿದರು. ಜಕಾತಿಯವನು ನಮ್ಮ ರೊಟ್ಟಿ ಬುಟ್ಟಿಯನ್ನು ತಿರುವಿ ಹಾಕಿ ಒಂದು ರೊಟ್ಟಿ ಮುರಿದು ನೋಡಿ ವಾಪಸು ಇಟ್ಟ. ಮಡಗಾವಿಯ ವ್ಯಾಪಾರಿಯ ಮನೆಯಲ್ಲಿ ಒಳ್ಳೆಯ ಉಪಚಾರ ಮಾಡಿದರು. ಮರುದಿನ ಬೆಳಿಗ್ಗೆ ಅವನದೇ ಎತ್ತಿನ ಗಾಡಿಯಲ್ಲಿ ಸಮುದ್ರಕ್ಕೆ ಹೋದೆವು.

ತೆಂಗಿನ ಮರಗಳು ಮುಗಿದವು, ಮರಳು ಬಂತು, ಆಮೇಲೆ ಏನೂ ಇಲ್ಲ. ಅಷ್ಟೊಂದು ಏನೂ ಇಲ್ಲದ್ದನ್ನು ನಾನು ಕಂಡಿರಲಿಲ್ಲ. ನನಗೆ ಕಣ್ಣು ತುಂಬಿಬಂತು. ಅಕ್ಕಾರು ಕಚ್ಚೆ ಬಿಗಿದು, ಯಾರನ್ನೂ ಕೇಳದೆ, ತೆರೆಗಳೊಳಗೆ ನಡೆದರು. ನಾನು ಬೆನ್ನಿಗೇ ಓಡಿದೆ. ನಡುಮಟ್ಟ ನೀರಿನಲ್ಲಿ ನಿಂತು ಒಂದು ತೆರೆ ಹೋಗುವುದನ್ನು ಕಾದು, ಬಗ್ಗಿ ಕಿವಿಯನ್ನು ನೀರಿಗೆ ಇಟ್ಟರು. ಮತ್ತೊಂದು ಕಿವಿಯನ್ನೂ ಇಟ್ಟರು. ನಂತರ ಎದ್ದು ನಿಂತರು. ಕೂದಲಿನಿಂದ ನೀರು ಇಳಿಯುತ್ತಿತ್ತು.

"ಇದಲ್ಲ" ಎಂದರು.

"ಏನ್ರಿ ಅಕ್ಕಾರ?"

"ಅದು ಇದಲ್ಲ ತಂಗಿ. ಇದು ಬರೇ ನೀರು."

ಬಹಳ ದಿನದ ಮೇಲೆ ನಾನು ಕಿವಿ ಮುಳುಗಿಸಿದೆ. ಮರಳು ಉಜ್ಜುವ ಸಪ್ಪಳ, ತೆರೆ ಒಡೆಯುವ ಸಪ್ಪಳ, ದೊಡ್ಡದು, ಒರಟಾದದ್ದು. ಅಕ್ಕಾರು ಹೇಳಿದ್ದು ನಿಜವಾಗಿತ್ತು. ನಮ್ಮ ಬಾವಿಯಲ್ಲಿ ಕೇಳಿದ್ದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಅಷ್ಟು ಬಿಸಿಲಿನಲ್ಲಿ, ನಮ್ಮವರೆಲ್ಲ ದಂಡೆಯ ಮೇಲಿದ್ದರೂ, ನನ್ನ ತೋಳಿನ ಕೂದಲು ಎದ್ದು ನಿಂತವು. ಸಮುದ್ರವೇ ಕರೆಯುತ್ತಿದೆ ಎಂದು ನಾವು ನಂಬಿದ್ದೆವು. ಅದು ಅಲ್ಲವೆಂದ ಮೇಲೆ ಮತ್ತೇನು?

ಅಕ್ಕಾರು ಮಾತ್ರ ಹಗುರಾದಂತೆ ಕಂಡರು. ಉಳಿದ ದಿನಗಳೆಲ್ಲ ನಗುನಗುತ್ತ ಓಡಾಡಿದರು. ಕೋಟೆಯ ಗುಡ್ಡವನ್ನು ಗಂಡಸರಿಗಿಂತ ಮೊದಲು ಹತ್ತಿದರು. ದೋಣಿಯಲ್ಲಿ ಕೈ ಇಳಿಬಿಟ್ಟು ನೀರು ಸೀಳುತ್ತ ಕೂತರು. ಗೇರುಹಣ್ಣು ತಿಂದು ಗಂಟಲು ಕೆರೆದರೆ ಬಿದ್ದುಬಿದ್ದು ನಕ್ಕರು. ಕೆಲಸವಿಲ್ಲದ ಅಕ್ಕಾರನ್ನು ಯಾರೂ ಅದಕ್ಕೆ ಮೊದಲು ಕಂಡಿರಲಿಲ್ಲ. ಭಾವನವರು ಅವರನ್ನೇ ನೋಡುತ್ತ, "ಅಯ್ಯನವರ ಮಾತು ಖರೆ ಆತು" ಎಂದು ನನ್ನ ಯಜಮಾನರಿಗೆ ಹೇಳಿದರು. ನಾನು ಎದುರಾಡಲಿಲ್ಲ. ಅವರ ಮುಖದಲ್ಲಿ ನಗು ಮತ್ತೆ ಬಂದಿತ್ತು.

ಮೂಡಲಗಿಗೆ ಬಂದ ಮರುದಿನ ಮಧ್ಯಾಹ್ನ ಅಕ್ಕಾರು ಸೀರೆ ಹೆಗಲಿಗೆ ಹಾಕಿಕೊಂಡು, "ಬರ್ತೀಯೇನ ತಂಗಿ?" ಎಂದರು. ನಾನು ತಲೆನೋವೆಂದೆ. ಅವರು ಒತ್ತಾಯ ಮಾಡಲಿಲ್ಲ. ಕುಂಬಳದ ಬುರುಡೆಯನ್ನು ಗೋಡೆಯ ಮೊಳೆಯಲ್ಲೇ ಬಿಟ್ಟು ಒಬ್ಬರೇ ಹೋದರು. ತಿರುಗಿ ಬಂದಾಗ ಅವರ ಒದ್ದೆ ಕೂದಲಿನಿಂದ ಬಾವಿಯ ಪಾಚಿಯ ವಾಸನೆ ಬರುತ್ತಿತ್ತು. ಹಿತ್ತಲಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತರು. ನಾನು ಹತ್ತಿರ ಹೋದೆ.

"ಕೇಳಿಸ್ತೇನ್ರಿ?"

"ಹೂಂ." ಕೂದಲು ಜಾಡಿಸಿದರು. "ಈಗ ಮೊದಲಿಗಿಂತ ಹತ್ತರ ಬಂದೈತಿ."

ಅವರಿಗೆ ಕೇಡೇನೂ ಆಗಲಿಲ್ಲ. ಅದನ್ನು ಹೇಳಿಬಿಡಬೇಕು, ಏಕೆಂದರೆ ನಾನು ಆ ಕೇಡನ್ನು ವರ್ಷಗಟ್ಟಲೆ ಕಾದೆ. ಅಕ್ಕಾರು ದಿನವೂ ಈಜಿದರು. ಮೈ ಗಟ್ಟಿಯಾಯಿತು, ಮೊದಲಿದ್ದ ಮಂಡಿನೋವು ಹೋಯಿತು. ಮನೆಯವರಾರೂ ಅವರಿಗೆ ಸಪ್ಪಳದ ಮಾತು ಕೇಳಲಿಲ್ಲ, ಅವರೂ ಹೇಳಲಿಲ್ಲ. ಪಾರಿವಾಳಗಳು ಮಾತ್ರ ಆ ಬಾವಿಗೆ ಹಿಂದಿರುಗಿ ಬರಲಿಲ್ಲ. ಗೂಡುಗಳಲ್ಲಿ ಅವುಗಳ ಹಳೆಯ ಕಸಕಡ್ಡಿ ಹಾಗೇ ಒಣಗಿ ಉದುರುತ್ತಿತ್ತು.

ಮುಂದಿನ ಮಾಘದಲ್ಲಿ ಭಾವನವರಿಗೆ ಮತ್ತೆ ತಿರುಗಾಟದ ಉಮೇದು ಬಂತು. ಈ ಸಲ ಲಂಕೆ. ಧನುಷ್ಕೋಟಿಯಿಂದ ಹಡಗು ಹತ್ತಬೇಕು, ಅಲ್ಲೊಂದು ಎತ್ತರದ ಪರ್ವತ ಹತ್ತಿ ಸೂರ್ಯೋದಯ ನೋಡಬೇಕು ಎಂದು ಗೋಕಾಕದಿಂದ ಒಂದು ನಕಾಶೆಯನ್ನೇ ತಂದಿದ್ದರು. ಪಡಸಾಲೆಯಲ್ಲಿ ಹಾಸಿ ಬೆರಳಿಟ್ಟು ದಾರಿ ತೋರಿಸಿದರು. ಯಜಮಾನರೂ ನಾನೂ ಬಗ್ಗಿ ನೋಡುತ್ತಿದ್ದೆವು. ಅಕ್ಕಾರು ಕಂಬಕ್ಕೊರಗಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

"ನೀವ ಮೂರೂ ಮಂದಿ ಹೋಗಿ ಬರ್ರಿ" ಎಂದರು. "ನಾ ಒಲ್ಲೆ."

"ಯಾಕ? ಹ್ವಾದ ಸಲ ಎಷ್ಟ ಖುಷಿಯಿಂದ ಇದ್ದೀ!" ಎಂದರು ಭಾವನವರು.

"ಖುಷಿ ಖರೆ. ಆದ್ರ ಅವರು ಬಂದಾಗ ಮನ್ಯಾಗ ಯಾರರ ಒಬ್ಬರು ಇರಬೇಕಲ್ರಿ."

"ಯಾರ ಬರಾವರದಾರ?"

ಅಕ್ಕಾರು ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದರು. ತಲೆ ಓರೆ ಮಾಡಿ ತೋಟದ ಬಾವಿಯ ಕಡೆ ಕಿವಿಗೊಟ್ಟರು. ಭಾವನವರು ನಕಾಶೆಯನ್ನು ಮಡಿಕೆ ತಪ್ಪದಂತೆ ಮಡಿಚಿ ಟ್ರಂಕಿನಲ್ಲಿಟ್ಟರು. ಆ ವರ್ಷ ನಾವಾರೂ ಲಂಕೆಗೆ ಹೋಗಲಿಲ್ಲ.