ಹೊಸ್ತಿಲಿಲ್ಲದ ಕಂಪನಿ ಮನೆ

ಬಾಣಂತಿ ಮಗಳ ಸಾರಿಗೆ ಮೆಣಸು ಹುರಿಯುತ್ತಿದ್ದೆ. ಮೇಸ್ತ್ರಿ ಬಾಗಿಲಲ್ಲಿ ನಿಂತು, "ಅವ್ವಾರೇ, ಈ ಸಾಲು ಮಾರಾಟ ಆಗೋಯ್ತು. ಸೋಮ್ವಾರ ಕೆಡುವ್ತಾರೆ," ಎಂದ. ಮೆಣಸು ಸೀದು ಹೊಗೆಯೆದ್ದದ್ದೂ ನನಗೆ ತಿಳಿಯಲಿಲ್ಲ.

ಕೊಣನೂರಿನಿಂದ ಈ ಕಬ್ಬಿಣದ ಕಂಪನಿಯ ಊರಿಗೆ ಬಂದ ದಿನ ನಾನು ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ಕೆಂಪು ಇಟ್ಟಿಗೆಯ ಮನೆಗಳು, ಒಂದರಂತೆ ಒಂದು. ನಮ್ಮ ಕಡೆ ಮಣ್ಣುಗೋಡೆಯ ಬಡಮನೆಗೂ ಹೊಸ್ತಿಲಿರುತ್ತದೆ. ಇಲ್ಲಿ ದೊರೆಗಳು ಕಟ್ಟಿಸಿದ ಗಟ್ಟಿಮನೆಗೆ ಅದೇ ಇಲ್ಲ! ಅರಿಸಿನ ಕುಂಕುಮ ಎಲ್ಲಿಡುವುದು? ಹಿಂದಿನ ಸಾಲಿನಲ್ಲಿದ್ದ ಚನ್ನರಾಯಪಟ್ಟಣದ ಪುಟ್ಟಮ್ಮ ನಕ್ಕಿದ್ದಳು: "ಇಲ್ಲಿ ಲಕ್ಷ್ಮಿ ಬೂಟಾಕ್ಕಂಡು ಬತ್ತಾಳೆ ಕಣಕ್ಕಾ." ನಕ್ಕರೂ, ತನ್ನ ಬಾಗಿಲಿಗೆ ಹೊಸ್ತಿಲೆಂದು ಹಲಸಿನ ಹಲಗೆ ಬಡಿಸಿಕೊಂಡಿದ್ದಳು. ನಮ್ಮ ಯಜಮಾನರೂ ಹಾಗೆಯೇ ಮಾಡಿಕೊಟ್ಟರು.

ಆಮೇಲೆ ಇದ್ದಿಲು ಸಿಗದೆ ಕಂಪನಿಯ ಕುಲುಮೆ ಆರಿತು. ಎಷ್ಟೋ ಜನ ಗಂಟು ಕಟ್ಟಿದರು. ಯಜಮಾನರಿಗೆ ಉಗ್ರಾಣ ಕಾಯುವ ಕೆಲಸ ಉಳಿದದ್ದು ಶಿವನ ದಯೆ.

ಆದರೆ ಸೋಮವಾರವೆಂದರೆ? ತಿಂಗಳು ತುಂಬದೆ ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ಮಗು ಹುಟ್ಟಿ ವಾರವೂ ಕಳೆದಿರಲಿಲ್ಲ. ಚೊಚ್ಚಲ ಕೂಸನ್ನು ಮಣ್ಣು ಮಾಡಿದವಳು ನನ್ನ ಮಗಳು. "ಗೋಡೆ ಮೇಲೆ ಬಿದ್ರೂ ನಾ ದಾಟಲ್ಲ ಕಣವ್ವ," ಎಂದು ಮುಖ ತಿರುಗಿಸಿದಳು.

ಸುದ್ದಿ ಕೇಳಿ ಪುಟ್ಟಮ್ಮ ಓಡಿಬಂದಳು. "ದೊರೆಗೋಳು ಕಟ್ದಾಗ ಹೊಸ್ಲೆಲ್ಲಿತ್ತಕ್ಕಾ? ಇಕ್ಕಂಡಿದ್ದು ನಾವು. ಕಿತ್ತಾಕಿ. ಇಲ್ದಿದ್ದುನ್ನ ದಾಟೋದೇನ್ ಬಂತು?"

"ಲಕ್ಷ್ಮಿ ಇರೋ ಜಾಗ ಕಣೇ!" ಎಂದೆ.

"ನಿಮ್ದೊಂದು ಕಿತ್ರೆ ಸಾಲ್ದು. ನಮ್ ಸಾಲು ಕೆಡುವಲ್ವಲ್ಲ, ನಮ್ಮನೆ ಒಳಿಕ್ಕೆ ಬರ್ಬೇಕಲ್ಲ ಮಗ? ನಂದು ಆಗ್ಲೇ ಕಿತ್ತಾಯ್ತು."

ಹೋಗಿ ನೋಡಿದರೆ ನಿಜ: ಅವಳ ಬಾಗಿಲಲ್ಲಿ ಬರೀ ನೆಲ, ಮೊಳೆ ಕಿತ್ತ ಗುರುತು.

ಯಜಮಾನರು ನಮ್ಮದಕ್ಕೂ ಹಾರೆ ಹಾಕಿದರು. ಮಗಳು ಬಹಳ ಹೊತ್ತು ನೆಲ ನೋಡಿದಳು. ಕೊನೆಗೆ ಮಗುವನ್ನೆತ್ತಿಕೊಂಡು ಪುಟ್ಟಮ್ಮನ ಮನೆಗೆ ನಡೆದಳು. ಆ ದಿನ ಗಾಳಿಯಿರಲಿಲ್ಲ. ಅದೂ ಶಿವನ ದಯೆಯೇ.

ಮೈದುನ ಕರೆಯಲು ಬಂದ. "ಬನ್ನಿ ಅತ್ಗೆ, ಊರಲ್ಲಿ ನಿಮ್ಮನೆ ಐತಲ್ಲ." ಇದೆ, ಕಾವೇರಿಯ ನೀರೂ ಇದೆ. ಆದರೆ ನನಗಾಗಿ ತನ್ನ ಹೊಸ್ತಿಲನ್ನೇ ಕಿತ್ತವಳು ಅಲ್ಲಿಲ್ಲ. ಆಚೆ ನಮ್ಮ ಸಾಲಿನಲ್ಲಿ ಗೋಡೆ ಬಿದ್ದ ಸದ್ದಿಗೆ ಮಗು ಬೆಚ್ಚಿತು. ನಾಳೆ ಇದು ದೊಡ್ಡದಾಗಿ, "ನಾನು ಹುಟ್ಟಿದ ಮನೆ ಯಾವುದಜ್ಜಿ?" ಎಂದರೆ ಯಾವ ಕಡೆ ಕೈ ತೋರಿಸಲಿ?

ಎದ್ದು ಪುಟ್ಟಮ್ಮನ ನೀರೊಲೆಗೆ ಎರಡು ಸೌದೆ ಒಟ್ಟಿದೆ. ಬಾಣಂತಿಗೆ ನೀರು ಹಾಕುವ ಹೊತ್ತಾಗಿತ್ತು.