ಅಡುಗೆಮನೆಯ ಹಳದಿ ಗೆರೆಗಳು

ಅಟ್ರಾಕ್ಟಾ ಗ್ಯಾಫ್ನಿ ನಮ್ಮ ಊರಿನ ಶಾಲೆಯ ಬಸ್ಸನ್ನು ಇಪ್ಪತ್ತಾರು ವರ್ಷ ಓಡಿಸಿದರು. ನಮ್ಮ ಲೀಟ್ರಿಮ್ ಜಿಲ್ಲೆಯ ರಸ್ತೆಗಳು ಎಷ್ಟು ಕಿರಿದೆಂದರೆ, ಎದುರಿನಿಂದ ಹಾಲಿನ ಲಾರಿಯೊಂದು ಬಂದರೆ ಎರಡರಲ್ಲಿ ಒಂದು ಹಿಂದಕ್ಕೆ ಸರಿಯಲೇಬೇಕು. ಸರಿಯುತ್ತಿದ್ದವರು ಯಾವಾಗಲೂ ಅಟ್ರಾಕ್ಟಾ. ಸೋತು ಅಲ್ಲ. ಹಿಂದಕ್ಕೆ ಓಡಿಸುವುದರಲ್ಲಿ ಎದುರಿನವನಿಗಿಂತ ತಾನು ಮೇಲು ಎಂಬುದು ಅವರ ಲೆಕ್ಕ. ಬಸ್ಸಿನಲ್ಲಿ ಮಕ್ಕಳು ಗಲಾಟೆ ಮಾಡಿದರೆ ಕನ್ನಡಿಯಲ್ಲಿ ಒಮ್ಮೆ ನೋಡುತ್ತಿದ್ದರು, ಅಷ್ಟೇ. ಆ ನೋಟಕ್ಕೆ ನಾನೂ ಸಿಕ್ಕಿದ್ದೇನೆ. ಈಗ ನಾನು ಊರಿನ ನೀರು ಶುದ್ಧಮಾಡುವ ಘಟಕದಲ್ಲಿ ಕೆಲಸ ಮಾಡುತ್ತೇನೆ, ಅವರ ಪಕ್ಕದ ಮನೆಯಲ್ಲಿದ್ದೇನೆ.

ಅವರಿಗೆ ಮಕ್ಕಳಿಲ್ಲ. ಗಂಡ ಮ್ಯಾಲಕಿ ಹಾಲು ಕರೆಯುವ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದವರು, ಆರಡಿ ಮೀರಿದ ಆಳು. ಹಸುಗಳ ಕೆಚ್ಚಲಿಗೆ ಹಾಕುವ ರಬ್ಬರ್ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಶಬ್ದ ಕೇಳಿಯೇ ಹೇಳುತ್ತಿದ್ದರು. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಪಾರ್ಕಿನ್ಸನ್ ಕಾಯಿಲೆ ಶುರುವಾಯಿತು. ಮೊದಲು ಕೈ ನಡುಗಿತು, ಆಮೇಲೆ ಬರೆಯುವ ಅಕ್ಷರ ಚಿಕ್ಕದಾಯಿತು, ಆಮೇಲೆ ಕಾಲು ಅಂಟಿಕೊಳ್ಳತೊಡಗಿತು. ಹಜಾರದಲ್ಲಿ ಹೇಗೋ ನಡೆದು ಬರುವ ಮನುಷ್ಯ ಅಡುಗೆಮನೆಯ ಬಾಗಿಲಿಗೆ ಬಂದದ್ದೇ ನಿಂತುಬಿಡುತ್ತಿದ್ದರು, ಯಾರೋ ಪಾದಗಳಿಗೆ ಮೊಳೆ ಹೊಡೆದಂತೆ.

ಒಂದು ವಿಚಿತ್ರವನ್ನು ಅಟ್ರಾಕ್ಟಾ ಗಮನಿಸಿದರು. ಗೇಟಿನಲ್ಲಿ ದನ ದಾಟದಂತೆ ಹಾಸಿರುವ ಕಬ್ಬಿಣದ ಸರಳುಗಳ ಮೇಲೆ ಮಾತ್ರ ಮ್ಯಾಲಕಿ ಸಲೀಸಾಗಿ ಕಾಲೆತ್ತಿ ಹೋಗುತ್ತಿದ್ದರು. ಇದಕ್ಕೆ ಕಾರಣವುಂಟು. ಯೋಚಿಸದೆ ನಡೆಯುವ ನಡಿಗೆಯನ್ನು ನೋಡಿಕೊಳ್ಳುವ ಮಿದುಳಿನ ಭಾಗ ಕೆಟ್ಟಿದ್ದರೂ, ಕಣ್ಣಿಗೆ ಕಂಡದ್ದನ್ನು ದಾಟಲು ಮಿದುಳಿಗೆ ಇನ್ನೊಂದು ದಾರಿ ಇದೆ. ಅಟ್ರಾಕ್ಟಾ ಕಾರಣ ಕೇಳಲಿಲ್ಲ. ಬಸ್ಸಿನ ಮೆಟ್ಟಿಲಂಚಿಗೆ ಅಂಟಿಸಿ ಮಿಕ್ಕಿದ್ದ ಹಳದಿ ಟೇಪಿನ ಸುರುಳಿ ತಂದು, ಮಂಚದಿಂದ ಬಚ್ಚಲಿಗೆ, ಅಲ್ಲಿಂದ ಅಡುಗೆಮನೆಗೆ, ಹೆಜ್ಜೆಗೊಂದರಂತೆ ಅಡ್ಡಗೆರೆ ಅಂಟಿಸಿದರು. ಮ್ಯಾಲಕಿ ಗೆರೆ ನೋಡಿಕೊಂಡು ನಡೆದರು.

"ಏನ್ ಹುಡುಗಿ, ಮನೇನ ವಿಮಾನ ನಿಲ್ದಾಣ ಮಾಡ್ಬಿಟ್ಟೆ," ಎಂದರು.

"ಹೂಂ, ಆದ್ರೆ ವಿಮಾನ ಯಾವಾಗ್ಲೂ ಲೇಟು," ಎಂದರು ಅಟ್ರಾಕ್ಟಾ.

ಗೆರೆಗಳು ನಡೆಸುತ್ತಿದ್ದವು, ಎತ್ತುತ್ತಿರಲಿಲ್ಲ. ದಿನಾ ಬೆಳಗ್ಗೆ, ಔಷಧಿ ಹಿಡಿಯುವ ಮುಂಚೆ, ಆ ದೊಡ್ಡ ಮೈಯನ್ನು ಮಂಚದಿಂದ ಎಬ್ಬಿಸಿ, ತೊಳೆದು, ಬಟ್ಟೆ ಹಾಕಿ ಹಾಕಿ ಅಟ್ರಾಕ್ಟಾರ ಬಲಭುಜದ ಸ್ನಾಯು ಹರಿಯಿತು. ಇನ್ನು ಎತ್ತಕೂಡದು ಎಂದರು ಡಾಕ್ಟರು. ಹಾಗಾದರೆ ಉಳಿದದ್ದು ಎರಡೇ ದಾರಿ: ಬೆಳಗಿನ ಹೊತ್ತು ಸರ್ಕಾರದ ಕಡೆಯಿಂದ ಒಬ್ಬ ಸಹಾಯಕಿ ಬರಬೇಕು, ಇಲ್ಲವೇ ಮ್ಯಾಲಕಿ ಮನೆ ಬಿಟ್ಟು ವೃದ್ಧರನ್ನು ಇಟ್ಟುಕೊಂಡು ನೋಡಿಕೊಳ್ಳುವ ಆರೈಕೆ ಮನೆಗೆ ಹೋಗಬೇಕು. ಸಹಾಯಕಿಗಾಗಿ ಅರ್ಜಿ ಹಾಕಿಸಿದ್ದು ನಾನು. ಮನೆಗೆ ಬಂದು ನೋಡಿ ತೀರ್ಮಾನಿಸಲು ಇಮೆಲ್ಡಾ ಎಂಬ ನರ್ಸ್ ಬರುವರೆಂದು ಆರೋಗ್ಯ ಕಚೇರಿಯವರು ತಿಳಿಸಿದರು.

ಇಮೆಲ್ಡಾ ಬರುವ ದಿನ ನಾನು ಹೋದಾಗ ಅಡುಗೆಮನೆಯ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಗೆರೆ ಒಂದೂ ಇರಲಿಲ್ಲ. ಚಾಕುವಿನಿಂದ ಕೆರೆದು, ಅಂಟಿನ ಕಲೆಯನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ತೆಗೆದಿದ್ದರು, ಅದೂ ಆ ಭುಜ ಇಟ್ಟುಕೊಂಡು.

"ಅಟ್ರಾಕ್ಟಾ, ಟೇಪ್ ಎಲ್ಲಿ?"

"ತೆಗ್ದೆ. ಹೊರಗಿನೋರು ಬರ್ತಾರೆ, ನೆಲ ನೋಡಿದ್ರೆ ಏನಂದ್ಕೋತಾರೆ?"

"ಅವರು ನೋಡ್ಬೇಕಾಗಿರೋದೇ ಅದನ್ನ!"

"ಸುಮ್ನಿರು ಬ್ರೊನಾ. ಬೀರು ಮೇಲ್ಗಡೆ ಪಿಂಗಾಣಿ ಬಟ್ಟಲಿವೆ, ತೆಗ್ದು ಕೊಡು. ನಂಗೆ ಕೈ ಏರಲ್ಲ."

ಅವು ಪಾದ್ರಿಗಳು ಮನೆಗೆ ಬಂದು ಪೂಜೆ ನಡೆಸುವ ದಿನಕ್ಕೆಂದು ಇಟ್ಟಿದ್ದ ಬಟ್ಟಲುಗಳು. ಒಲೆಯಲ್ಲಿ ಸೇಬಿನ ಕಡುಬು ಬೇಯುತ್ತಿತ್ತು. ಮ್ಯಾಲಕಿ ಟೈ ಕಟ್ಟಿಕೊಂಡು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಆಗಲೇ ಕೂತಿದ್ದರು. ಬೆಳಗಿನಿಂದ ಅಲ್ಲೇ ಕೂರಿಸಿದ್ದರಂತೆ, ನರ್ಸಿನ ಮುಂದೆ ಏಳುವ ಪಾಡು ಬೇಡ ಎಂದು.

ಇಮೆಲ್ಡಾ ಒಳ್ಳೆಯ ಹೆಂಗಸು. ಕೇಳಬೇಕಾದ್ದನ್ನೆಲ್ಲ ಕೇಳಿದರು.

"ರಾತ್ರಿ ನಿದ್ದೆ ಹೇಗೆ?"

"ಪರವಾಗಿಲ್ಲ," ಎಂದರು ಮ್ಯಾಲಕಿ.

"ಎಬ್ಬಿಸೋದು, ತೊಳೆಯೋದು ಎಲ್ಲ ನಿಮ್ಮಿಂದ ಆಗ್ತಿದೆಯಾ ಮಿಸೆಸ್ ಗ್ಯಾಫ್ನಿ?"

"ನಡ್ಕೊಂಡು ಹೋಗ್ತಿದೆ. ನಮಗಿಂತ ಕಷ್ಟದಲ್ಲಿರೋರು ಎಷ್ಟೋ ಜನ ಇದಾರೆ. ಇನ್ನೊಂದು ತುಂಡು ಹಾಕ್ಲಾ? ಕೆನೆ ಸುರ್ಕೊಳ್ಳಿ, ಹೆದರ್ಬೇಡಿ."

"ಇವರ ಭುಜ..." ಎಂದು ನಾನು ಬಾಯಿ ತೆರೆದೆ. ಆಗ ಅಟ್ರಾಕ್ಟಾ ನನ್ನತ್ತ ಒಮ್ಮೆ ನೋಡಿದರು, ಬಸ್ಸಿನ ಕನ್ನಡಿಯಲ್ಲಿ ನೋಡುತ್ತಿದ್ದರಲ್ಲ, ಹಾಗೆಯೇ. ನಲವತ್ತು ದಾಟಿದ ನಾನು ಬಾಯಿ ಮುಚ್ಚಿಕೊಂಡೆ.

ಇಮೆಲ್ಡಾರ ಕಾರು ಗೇಟು ದಾಟಿದ ಮೇಲೆ ಮ್ಯಾಲಕಿ ಮೆಲ್ಲಗೆ, "ಬಚ್ಚಲಿಗೆ ಹೋಗ್ಬೇಕು. ಆಗ್ಲಿಂದ ತಡ್ಕೊಂಡಿದೀನಿ," ಎಂದರು. ಇಬ್ಬರೂ ಹಿಡಿದು ಎಬ್ಬಿಸಿದೆವು. ಬಾಗಿಲಿಗೆ ಬಂದದ್ದೇ ಕಾಲು ನಿಂತಿತು. ದಾಟಲು ನೆಲದಲ್ಲಿ ಏನೂ ಇರಲಿಲ್ಲ. ಅವರು ಅಲ್ಲೇ, ಹೊಳೆಯುವ ನೆಲದ ಮೇಲೆ, ಒಳ್ಳೆಯ ಪ್ಯಾಂಟಿನಲ್ಲಿ ನಿಂತಂತೆಯೇ ಮೂತ್ರ ಮಾಡಿಕೊಂಡರು. ಟೈ ಹಾಗೇ ಇತ್ತು. ಮರುದಿನ ಅಟ್ರಾಕ್ಟಾ ಹೊಸ ಟೇಪು ತರಿಸಿ ಗೆರೆಗಳನ್ನು ಮತ್ತೆ ಅಂಟಿಸಿದರು.

ಕಚೇರಿಯಿಂದ ಉತ್ತರ ಬಂತು. ಕುಟುಂಬದ ನೆರವಿನಿಂದ ಸದ್ಯಕ್ಕೆ ಚೆನ್ನಾಗಿ ನಡೆಯುತ್ತಿದೆ, ತುರ್ತಿಲ್ಲ.

ನಮ್ಮ ಕಡೆ ಏನೇ ಆಗಬೇಕಾದರೂ, ರಸ್ತೆಯ ಗುಂಡಿಯಿಂದ ಹಿಡಿದು ಮಂಡಿಯ ಆಪರೇಷನ್ನಿನವರೆಗೆ, ಜನ ಹೋಗುವುದು ಟೀಡಿಯ ಬಳಿಗೆ. ಡಾಲ್‌ಗೆ, ಅಂದರೆ ಡಬ್ಲಿನ್‌ನ ಶಾಸನಸಭೆಗೆ, ನಾವು ಆರಿಸಿ ಕಳಿಸಿದ ಟೀಡಿ ಫಿಂಟನ್ ಮಕ್‌ಗೌರನ್. ವಿರೋಧ ಪಕ್ಷದವನು. ಶನಿವಾರ ಬೆಳಗ್ಗೆ ಗಿಲ್‌ಹೂಲಿಯ ಪಬ್ಬಿನ ಹಿಂದಿನ ಕೋಣೆಯಲ್ಲಿ ಕೂತು ಜನರ ಅಹವಾಲು ಕೇಳುತ್ತಾನೆ. ಅಟ್ರಾಕ್ಟಾ ಹೋಗಲು ಒಪ್ಪಲಿಲ್ಲ.

"ನನ್ನ ಬಸ್ಸಲ್ಲಿ ವಾರಕ್ಕೆರಡ್ಸಲ ವಾಂತಿ ಮಾಡ್ಕೋತಿದ್ದ ಹುಡುಗ ಅವನು. ಅವನ ಮುಂದೆ ಹೋಗಿ ನಿಂತ್ಕೊಳ್ಲಾ?"

"ಅದಕ್ಕೇ ಹೋಗೋಣ. ಋಣ ಇದೆ ಅವನಿಗೆ," ಎಂದು ಎಳೆದುಕೊಂಡು ಹೋದೆ.

ಫಿಂಟನ್ ಎದ್ದು ಕುರ್ಚಿ ಎಳೆದುಕೊಟ್ಟ. ಎಲ್ಲ ಕೇಳಿಸಿಕೊಂಡು, "ಮಿಸೆಸ್ ಗ್ಯಾಫ್ನಿ, ನರ್ಸ್ ಕೇಳಿದಾಗ ಏನಂದ್ರಿ ನೀವು?" ಎಂದ.

"ನಡೀತಿದೆ ಅಂದೆ."

ಅವನು ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡ. "ಕಡುಬು ಮಾಡಿದ್ರಾ?"

"ಮಾಡ್ದೇ ಇರೋಕಾಗುತ್ತಾ? ಮನೆಗೆ ಬಂದಿದಾರೆ."

"ನಮ್ಮಮ್ಮನೂ ಹೀಗೇ. ಹೃದಯಾಘಾತ ಆದಾಗ ಆಂಬುಲೆನ್ಸ್ ಹುಡುಗರಿಗೆ ಟೀ ಕುಡೀತೀರಾ ಅಂದ್ಳು." ಪೆನ್ನು ತೆಗೆದು ಬರೆದುಕೊಳ್ಳುತ್ತ, "ಈ ವಿಷಯ ಡಾಲ್‌ನಲ್ಲಿ ಎತ್ತುತೀನಿ. ಮಂತ್ರಿ ಬಾಯಿಂದಾನೇ ಉತ್ತರ ಬರಲಿ," ಎಂದ.

"ನಮ್ಮ ಹೆಸರು ಬರಬಾರದು ಫಿಂಟನ್."

"ಬರಲ್ಲ. ಆಣೆ."

ಆ ಗುರುವಾರ ಮಧ್ಯಾಹ್ನ ನನ್ನ ಲ್ಯಾಪ್‌ಟಾಪನ್ನು ಅವರ ಅಡುಗೆಮನೆಯ ಮೇಜಿನ ಮೇಲಿಟ್ಟು ಮೂವರೂ ನೋಡಿದೆವು. ಅರ್ಧಚಂದ್ರದ ಹಾಗೆ ಸಾಲುಗಟ್ಟಿದ ಆಸನಗಳು ಬಹುಪಾಲು ಖಾಲಿ. ಹಿಂದೆ ಒಬ್ಬರು ಫೋನು ನೋಡುತ್ತಿದ್ದರು.

"ಬೇರೆಯವರೆಲ್ಲ ಎಲ್ಲಿ?" ಎಂದರು ಮ್ಯಾಲಕಿ.

"ಊಟಕ್ಕೆ ಹೋಗಿರ್ಬೇಕು," ಎಂದರು ಅಟ್ರಾಕ್ಟಾ.

ಫಿಂಟನ್ ಎದ್ದು ನಿಂತ. ಬಿಳಿಚಿಕೊಂಡಿದ್ದ, ಬಸ್ಸಿನಲ್ಲಿ ತಿರುವು ಬರುವ ಮುಂಚೆ ಆಗುತ್ತಿದ್ದ ಹಾಗೆ.

"ಸಭಾಧ್ಯಕ್ಷರೇ, ನನ್ನ ಕ್ಷೇತ್ರದ ಒಬ್ಬ ಹೆಣ್ಣುಮಗಳ ಪರವಾಗಿ ಮಾತಾಡ್ತಿದೀನಿ. ಹೆಸರು ಹೇಳಲ್ಲ. ಇಪ್ಪತ್ತಾರು ವರ್ಷ ಊರಿನ ಮಕ್ಕಳನ್ನ ಬಸ್ಸಲ್ಲಿ ಶಾಲೆಗೆ ಕರ್ಕೊಂಡು ಹೋದವರು..."

"ಅಯ್ಯೋ ದೇವರೇ!" ಅಟ್ರಾಕ್ಟಾ ಏಪ್ರನ್ನಿನಿಂದ ಮುಖ ಮುಚ್ಚಿಕೊಂಡರು. "ಹೆಸರು ಹೇಳಲ್ಲವಂತೆ! ಲೀಟ್ರಿಮ್‌ನಲ್ಲಿ ಹೆಂಗಸರಲ್ಲಿ ಇನ್ಯಾರು ಓಡಿಸಿದ್ರಂತೆ ಬಸ್ಸು?"

"ತಡಿ ಹುಡುಗಿ, ಚೆನ್ನಾಗಿ ಹೇಳ್ತಿದಾನೆ."

ಚೆನ್ನಾಗಿಯೇ ಹೇಳಿದ. ಗಂಡನನ್ನು ಮನೆಯಲ್ಲಿಟ್ಟುಕೊಳ್ಳಲು ಆಕೆ ಕೇಳುತ್ತಿರುವುದು ಬೆಳಗಿನ ಒಂದಿಷ್ಟು ಹೊತ್ತಿನ ನೆರವು. ಅದಕ್ಕೆ ಹಕ್ಕೆಂಬುದೇ ಇಲ್ಲ. ಅದೇ ಮನುಷ್ಯನನ್ನು ಆರೈಕೆ ಮನೆಗೆ ಕಳಿಸಿದರೆ, ಹತ್ತು ಪಟ್ಟು ಖರ್ಚಾದರೂ ಸರ್ಕಾರ ಕೊಡುತ್ತದೆ. "ಹೊರಗೆ ಕಳಿಸೋಕೆ ದುಡ್ಡಿದೆ, ಒಳಗೆ ಉಳಿಸ್ಕೊಳ್ಳೋಕೆ ಇಲ್ಲ. ಇದು ಯಾವ ನ್ಯಾಯ?"

ಉತ್ತರಿಸಲು ಆರೋಗ್ಯ ಮಂತ್ರಿ ಬಂದಿರಲಿಲ್ಲ. ಅವರ ಬದಲು ಅರಣ್ಯ ನೋಡಿಕೊಳ್ಳುವ ಕಿರಿಯ ಮಂತ್ರಿಯೊಬ್ಬರು ಎದ್ದು, ಯಾರೋ ಬರೆದುಕೊಟ್ಟಿದ್ದನ್ನು ಓದಿದರು. ಮನೆ ಆರೈಕೆಗೆ ಈ ವರ್ಷ ಹಿಂದೆಂದಿಗಿಂತ ಹೆಚ್ಚು ಹಣ ಒದಗಿಸಲಾಗಿದೆ. ಹೊಸ ಕಾಯ್ದೆಯ ಕರಡು ತಯಾರಾಗುತ್ತಿದೆ. ಒಬ್ಬೊಬ್ಬರ ವಿಷಯ ಇಲ್ಲಿ ಮಾತಾಡಲು ಬರುವುದಿಲ್ಲ. ವಿಷಯವನ್ನು ಎತ್ತಿದ್ದಕ್ಕೆ ಸದಸ್ಯರಿಗೆ ಧನ್ಯವಾದ. ಕೊನೆಗೆ ಹಾಳೆಯಿಂದ ತಲೆಯೆತ್ತಿ, "ನಮ್ಮ ತಾಯಿಗೂ ಹೀಗೇ ಆಗಿತ್ತು, ನನಗೆ ಗೊತ್ತಾಗುತ್ತೆ," ಎಂದರು. ಅದನ್ನು ಬರೆದುಕೊಟ್ಟಿರಲಿಲ್ಲ ಎಂದು ಕಾಣುತ್ತದೆ. ಮುಂದಿನ ವಿಷಯ ಯಾವುದೋ ಬಂದರಿನ ಹೂಳು.

"ಪಾಪ, ಒಳ್ಳೆ ಮನುಷ್ಯ," ಎಂದರು ಅಟ್ರಾಕ್ಟಾ. ಆಮೇಲೆ ನನ್ನ ಕಡೆ ತಿರುಗಿ, "ಈಗ ಏನಾಯ್ತು ಬ್ರೊನಾ? ಹೌದಂದ್ರಾ, ಇಲ್ಲಾಂದ್ರಾ?" ಎಂದರು.

ನಾನು ಯೋಚಿಸಿದೆ. "ಎರಡೂ ಅಲ್ಲ," ಎಂದೆ.

ಆದರೂ ಒಂದು ಫಲ ಸಿಕ್ಕಿತು. ಇಮೆಲ್ಡಾ ಎರಡನೆಯ ಸಲ ಬಂದರು. ಈ ಸಲ ನಾನು ಅಟ್ರಾಕ್ಟಾರಿಂದ ಮಾತು ತೆಗೆದುಕೊಂಡಿದ್ದೆ. ಕಡುಬಿಲ್ಲ, ಪಿಂಗಾಣಿಯಿಲ್ಲ, ಗೆರೆಗಳು ಇದ್ದಲ್ಲೇ ಇರಬೇಕು. ಅಟ್ರಾಕ್ಟಾ ಮಾತಿಗೆ ತಪ್ಪಲಿಲ್ಲ. ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು, "ನನ್ ಕೈಲಾಗ್ತಿಲ್ಲ," ಎಂದರು. ಅಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ಪಕ್ಕದಲ್ಲಿ ಕೂತಿದ್ದ ನನಗೆ ಗೊತ್ತು.

ಆಗ ಮ್ಯಾಲಕಿ ಎದ್ದು ನಿಂತರು. ಯಾರೂ ಹಿಡಿಯದೆ, ತಾವಾಗಿಯೇ. ಹೆಂಗಸೊಬ್ಬಳು ಮನೆಗೆ ಬಂದಿದ್ದಾಳೆ, ಟೀ ಕೊಡುವವರಿಲ್ಲ, ಕೂತೇ ಇರುವುದು ಹೇಗೆ? ಗೆರೆ, ಗೆರೆ, ಗೆರೆ ದಾಟಿ ಹೋಗಿ, ಕೆಟಲ್ಲಿನ ಗುಂಡಿ ಒತ್ತಿ, ಇಮೆಲ್ಡಾರತ್ತ ಕೈ ಚಾಚಿ, "ಬನ್ನಿ ಬನ್ನಿ, ಇವಳ ಮಾತಿಗೆ ಗಾಬರಿಯಾಗ್ಬೇಡಿ. ನಾವು ಚೆನ್ನಾಗೇ ಇದೀವಿ," ಎಂದರು. ಈ ಕಾಯಿಲೆಯವರಿಗೆ ಹೀಗೂ ಆಗುತ್ತದೆ. ಡಾಕ್ಟರು, ನೆಂಟರು ಬಂದಾಗ ಎಲ್ಲಿಂದಲೋ ಒಂದು ಗಳಿಗೆಯ ಶಕ್ತಿ ಬರುತ್ತದೆ. ಆಮೇಲೆ ಎರಡು ದಿನ ಮಂಚ ಬಿಡಲಾಗುವುದಿಲ್ಲ. ಅಟ್ರಾಕ್ಟಾ ಗಂಡನನ್ನೇ ನೋಡುತ್ತಿದ್ದರು. ಕೋಪಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು ಮುಖದಲ್ಲಿ.

ಇಮೆಲ್ಡಾ ಕೈ ಕುಲುಕಿದರು. ಆಮೇಲೆ ನೆಲದ ಗೆರೆಗಳನ್ನು ಬಹಳ ಹೊತ್ತು ನೋಡಿದರು. "ಇದನ್ನ ಹೋದ್ಸಲ ಯಾಕೆ ತೋರಿಸ್ಲಿಲ್ಲ ನೀವು?" ಎಂದರು.

ಈ ಸಲ ವರದಿಯನ್ನು ಅವರು ಸರಿಯಾಗಿಯೇ ಬರೆದರು. ವಾರಕ್ಕೆ ಐದು ಬೆಳಗು ಮಂಜೂರಾಯಿತು. ಆದರೆ ಬರಲು ಜನವಿರಲಿಲ್ಲ. ನಮ್ಮ ಕಡೆ ಈ ಕೆಲಸಕ್ಕಿದ್ದ ಇಬ್ಬರಲ್ಲಿ ಒಬ್ಬಳು ಹೆರಿಗೆ ರಜೆಯಲ್ಲಿದ್ದಳು, ಇನ್ನೊಬ್ಬಳು ಚೀಸ್ ಕಾರ್ಖಾನೆಗೆ ಸೇರಿದ್ದಳು. ಯಾರಾದರೂ ಸಿಕ್ಕ ಕೂಡಲೇ ಕಳಿಸುತ್ತೇವೆ, ನಿಮ್ಮ ಮುಂದೆ ಇನ್ನೂ ಕೆಲವರು ಕಾಯುತ್ತಿದ್ದಾರೆ ಎಂದರು. ಮೊದಲ ಸಲವೇ ಸರಿಯಾಗಿ ಹೇಳಿದ್ದರೆ ಆ ಕೆಲವರಿಗಿಂತ ಮುಂದೆ ಇರುತ್ತಿದ್ದೆವು.

ಫಿಂಟನ್ ಫೋನು ಮಾಡಿದ. "ಮಿಸೆಸ್ ಗ್ಯಾಫ್ನಿ, ಮುಂದಿನ ತಿಂಗಳು ಮತ್ತೆ ಎತ್ತುತೀನಿ."

"ಎತ್ತು ಮಾರಾಯ. ನಿಂಗಾದ್ರೂ ಭುಜ ನೆಟ್ಟಗಿದೆ."

ನವೆಂಬರಿನಲ್ಲಿ ಬೆಳಗ್ಗೆ ಎಬ್ಬಿಸುವಾಗ ಇಬ್ಬರೂ ಬಿದ್ದರು. ಅಟ್ರಾಕ್ಟಾ ಕೆಳಗೆ, ಮ್ಯಾಲಕಿ ಮೇಲೆ. ಮ್ಯಾಲಕಿಯ ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯವರು ಮೂಳೆ ಕೂಡಿಸಿದರು. ಮನೆಯಲ್ಲಿ ನೆರವಿಲ್ಲದೆ ಕಳಿಸುವುದಿಲ್ಲ ಎಂದರು. ಆರೈಕೆ ಮನೆಗೆ ಮಂಜೂರಾತಿ ಬೇಗ ಬಂತು.

ಅದು ಪಕ್ಕದ ಜಿಲ್ಲೆಯಲ್ಲಿದೆ. ಬಿಸಿಯಾಗಿದೆ, ಚೊಕ್ಕಟವಾಗಿದೆ. ಅಟ್ರಾಕ್ಟಾ ಮೊದಲ ದಿನವೇ ಟೇಪಿನ ಸುರುಳಿ ತೆಗೆದುಕೊಂಡು ಹೋಗಿದ್ದರು. ಅಲ್ಲಿನ ಮೇಲ್ವಿಚಾರಕಿ ಮೃದುವಾಗಿಯೇ ಬೇಡವೆಂದರು. "ಅಂಚು ಎದ್ರೆ ಬೇರೆಯೋರು ಎಡವಿ ಬೀಳ್ತಾರಮ್ಮ." ಅದೂ ನಿಜವೇ. ಅಟ್ರಾಕ್ಟಾ ಸುರುಳಿಯನ್ನು ಕೈಚೀಲಕ್ಕೆ ಹಾಕಿಕೊಂಡರು.

ವಸಂತದ ಹೊತ್ತಿಗೆ ಮ್ಯಾಲಕಿ ಆಧಾರ ಹಿಡಿದು ಹೆಜ್ಜೆ ಇಡುವಂತಾದರು. ನಾನು ಭಾನುವಾರ ಅಟ್ರಾಕ್ಟಾರನ್ನು ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಅವರು ಗಂಡನಿಗೆ ಮುಖಮಾಡಿ ಉದ್ದ ಓಣಿಯಲ್ಲಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾರೆ. ಒಂದೊಂದು ಹೆಜ್ಜೆಗೂ ತಮ್ಮ ಬೂಟನ್ನು ಅವರ ಕಾಲಿನ ಮುಂದೆ ಅಡ್ಡ ಇಡುತ್ತಾರೆ. ಮ್ಯಾಲಕಿ ಅದನ್ನು ನೋಡಿ ದಾಟುತ್ತಾರೆ. ಮತ್ತೆ ಬೂಟು. ಮತ್ತೆ ದಾಟು.

"ಹಿಂದೆ ಗೋಡೆ ಇದೆ ನೋಡ್ಕೋ ಹುಡುಗಿ."

"ನಂಗೆ ಹೇಳ್ಕೊಡ್ತೀಯಾ ನೀನು?"

ಓಣಿಯ ಕೊನೆಗೆ ಒಂದು ಗಾಜಿನ ಬಾಗಿಲು. ಭೇಟಿಯ ಹೊತ್ತು ಮುಗಿದ ಮೇಲೆ ಅದನ್ನು ದಾಟಿ ನಾವು ಈಚೆ ಬರಬೇಕು, ಅವರು ಆಚೆ ಉಳಿಯಬೇಕು. ಹೋದ ಭಾನುವಾರ ಬಾಗಿಲು ಮುಚ್ಚಿಕೊಂಡ ಮೇಲೂ ಅಟ್ರಾಕ್ಟಾ ಹೊರಡಲಿಲ್ಲ. ಗಾಜಿಗೆ ತಾಗುವಂತೆ ಬೂಟನ್ನು ಅಡ್ಡ ಇಟ್ಟುಕೊಂಡು ನಿಂತಿದ್ದರು, ತಮಗೇ ಅರಿವಿಲ್ಲದೆ. ಆಚೆ ಮ್ಯಾಲಕಿ ತಲೆ ಬಗ್ಗಿಸಿ ಅದನ್ನು ಕಂಡರು. ದಾಟಲೆಂದು ಕಾಲೆತ್ತಿದರು. ಅವರ ಕಾಲಿನ ತುದಿ ಗಾಜಿಗೆ ಬಡಿಯಿತು. ಇನ್ನೊಮ್ಮೆ ಎತ್ತಿದರು. ಆಮೇಲೆ ಅಲ್ಲಿ ಕೆಲಸ ಮಾಡುವ ನೀಲಿ ಅಂಗಿಯ ಹುಡುಗಿಯೊಬ್ಬಳು ಬಂದು, ಭುಜ ಹಿಡಿದು, ಅವರನ್ನು ಮೆಲ್ಲಗೆ ಒಳಗಿನ ಕಡೆಗೆ ತಿರುಗಿಸಿದಳು.