ಇಪ್ಪತ್ತನೇ ತಾರೀಖಿನ ಆಪಾ

ನಸೀಮಾ ಆಪಾ ಫೋನಿನಲ್ಲಿ ಯಾವತ್ತೂ ಹಲೋ ಅಂದವರಲ್ಲ. ಜಿಎಸ್‌ಟಿ ಲೆಕ್ಕ ಸಲ್ಲಿಸುವ ಕೊನೇ ದಿನವಾದ ತಿಂಗಳ ಇಪ್ಪತ್ತನೇ ತಾರೀಖು ಹತ್ತಿರ ಬಂತೆಂದರೆ ಮಸ್ಕಿ ಬಜಾರಿನ ಅಂಗಡಿಗಳಲ್ಲಿ ಒಂದೊಂದೇ ಫೋನು ಬಡಿದುಕೊಳ್ಳಲು ಶುರುವಾಗುತ್ತಿತ್ತು. ಎತ್ತಿದವರ ಕಿವಿಗೆ ಬೀಳುತ್ತಿದ್ದದ್ದು ಅವಸರವೇ ಇಲ್ಲದ ಒಂದು ತಗ್ಗು ದನಿ: "ಹೇಳ್ತೀನಿ, ಕೇಳ್ರಿ." ಹಿಂದಿನ ತಿಂಗಳ ಖರೀದಿ ಎಷ್ಟು, ಮಾರಾಟ ಎಷ್ಟು, ತೆರಿಗೆ ಎಷ್ಟು ಎಂದು ಹೇಳಿ ಮುಗಿಸಿ, "ಒಪ್ಪಿಗಿ ಐತೇನು?" ಎಂದು ಕೇಳುತ್ತಿದ್ದರು. ಒಪ್ಪಿಗೆ ಇದೆ ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಓಟಿಪಿ ಕೇಳುವುದು. ಅಂಗಡಿಯ ಲೆಕ್ಕ ಸರ್ಕಾರಕ್ಕೆ ಹೋಗಬೇಕಾದರೆ ಮಾಲೀಕರ ಫೋನಿಗೆ ಆರು ಅಂಕಿಯ ಓಟಿಪಿ ಬರುತ್ತದೆ. ಅದನ್ನು ಹಾಕಿದರೆ ಮಾಲೀಕರೇ ಸಹಿ ಮಾಡಿದ ಹಾಗೆ.

ಒಮ್ಮೆ ಲಿಂಗಸುಗೂರಿನಲ್ಲಿ ನನ್ನ ಷಡ್ಡಕನ ಮಗಳ ಮದುವೆ. ಎಲೆಯ ಮೇಲೆ ಗೋಧಿ ಹುಗ್ಗಿ ಬಿದ್ದಿದೆ, ಮೇಲೆ ತುಪ್ಪವೂ ಬಿದ್ದಿದೆ. ನನ್ನ ಬೆನ್ನ ಹಿಂದೆಯೇ ಹೆಂಗಸರ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿ ಶಿವಮ್ಮನ ಫೋನು ಬಡಿದುಕೊಂಡಿತು. ನಾನು ಎಡಗೈಯಲ್ಲಿ ಅದನ್ನು ಕಸಿದುಕೊಂಡು, ಆಪಾ ಬಾಯಿ ತೆರೆಯುವ ಮೊದಲೇ, ಆಗಲೇ ಮೆಸೇಜಿನಲ್ಲಿ ಬಂದಿದ್ದ ಆರು ಅಂಕಿಯನ್ನೂ ಒದರಿಬಿಟ್ಟೆ. ಹುಗ್ಗಿ ಆರಿಹೋಗುತ್ತಿತ್ತು, ನೋಡಿ.

"ನಾ ಅದನ್ನ ಕೇಳಿಲ್ಲ," ಅಂದರು ಆಪಾ. "ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಬ್ಯಾಡ್ರಿ ವೀರೇಶಪ್ಪಾ. ಫೋನ್ ಶಿವಮ್ಮಗ ಕೊಡ್ರಿ."

ನಾನು ಹೇಳಿದ ಓಟಿಪಿಯನ್ನು ಅವರು ಬೇಕೆಂದೇ ಹಾಳು ಮಾಡಿ ಹೊಸದು ತರಿಸಿದರು. ಶಿವಮ್ಮ ಎಲೆ ಬಿಟ್ಟು ಎದ್ದುಹೋಗಿ, ಕೈ ತೊಳೆದು, ಗೋಡೆ ಕಡೆಗೆ ಮುಖ ಮಾಡಿ ಲೆಕ್ಕವೆಲ್ಲ ಕೇಳಿ, ಒಪ್ಪಿಗೆ ಹೇಳಿ ಬಂದಳು. ಅಂಗಡಿ ಮಾಲೀಕನೆಂದು ಊರೆಲ್ಲ ಕರೆಯುವ ನಾನು ಹುಗ್ಗಿ ತಿನ್ನುತ್ತ ಕೂತಿದ್ದೆ. ಬೀಗರು ನೋಡುತ್ತಿದ್ದರು. ನನಗೆ ಸಿಟ್ಟು ಬಂದದ್ದು ಸುಳ್ಳಲ್ಲ.

ಇದು ಹೀಗೇಕೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನನ್ನದು ಪಂಪ್‌ಸೆಟ್, ಪೈಪು, ಔಷಧಿ ಹೊಡೆಯುವ ಪಂಪುಗಳ ಅಂಗಡಿ. ನಮ್ಮ ಕಡೆ ಬಹಳ ಮಂದಿ ಮಾಡುವ ಹಾಗೆ ನಾನೂ ಅಂಗಡಿಯ ಜಿಎಸ್‌ಟಿ ನೋಂದಣಿಯನ್ನು ಹೆಂಡತಿ ಹೆಸರಿಗೆ ಮಾಡಿಸಿದ್ದೆ. ಯಾಕೆ ಎಂದು ಕೇಳಬೇಡಿ. ಎಲ್ಲರೂ ಮಾಡುತ್ತಾರೆ, ಅಷ್ಟೇ. ಮಾಡಿಸಿದವರು ಸಿಂಧನೂರಿನ ಒಬ್ಬ ಲೆಕ್ಕದ ಸಾಹೇಬರು. ಶಿವಮ್ಮನ ಸಹಿ ತೆಗೆದುಕೊಂಡರು, ಫೋನ್ ನಂಬರು ಮಾತ್ರ ತಮ್ಮದೇ ಹಾಕಿಕೊಂಡರು. ನನಗೂ ಅದು ಹಿತವಾಗಿತ್ತು. ಓಟಿಪಿಯ ಕಿರಿಕಿರಿ ಇಲ್ಲ, ಎಲ್ಲವೂ ಅವರೇ ನೋಡಿಕೊಳ್ಳುತ್ತಾರೆ. ಮುಂದೆ ಫೀಸಿನ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಅವರು ಕೈ ಬಿಟ್ಟರು, ಫೋನೂ ಬಂದ್ ಮಾಡಿದರು. ಲೆಕ್ಕ ಸಲ್ಲಿಸಿಲ್ಲ ಎಂದು ಬಂದ ನೋಟೀಸುಗಳೆಲ್ಲ ಆ ಫೋನಿಗೇ ಹೋಗಿ ಅಲ್ಲೇ ಸತ್ತವು. ಕಾಲುವೆಗೆ ನೀರು ಬಿಡುವ ಹೊತ್ತು, ವ್ಯಾಪಾರದ ಕಾಲ. ಮಾಲು ಕಳಿಸಿ ಎಂದು ನಾನು ಫೋನ್ ಮಾಡಿದರೆ ಕಂಪನಿಯವರು, ನಿಮ್ಮ ನೋಂದಣಿ ಅಮಾನತಾಗಿದೆ, ಬಿಲ್ ಮಾಡಲು ಬರುವುದಿಲ್ಲ ಅಂದರು. ಪೂರ್ತಿ ರದ್ದಾದರೆ ಅಂಗಡಿಯ ಬಾಗಿಲು ಹಾಕುವುದೇ.

ಆಗ ಯಾರೋ ನಸೀಮಾ ಆಪಾರ ಹೆಸರು ಹೇಳಿದರು. ಅವರು ಮಸ್ಕಿಗೆ ಬಂದು ಸ್ವಂತ ಆಫೀಸು ಹಾಕಿ ಹೆಚ್ಚು ಕಾಲ ಆಗಿರಲಿಲ್ಲ. ಖಾನಾವಳಿಯ ಮೇಲೆ ಒಂದು ಖೋಲಿ. ಒಂದು ಮೇಜು, ಒಂದು ಕಂಪ್ಯೂಟರ್, ಹಾಳೆ ಕಚ್ಚಿಕೊಳ್ಳುವ ಒಂದು ಪ್ರಿಂಟರ್. ಕೆಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಇಡೀ ದಿನ ಕೇಳುತ್ತಿತ್ತು. ಗಿರಾಕಿಗೆ ಚಹಾ ತರಿಸುತ್ತಿರಲಿಲ್ಲ. "ಚಹಾ ಕುಡಕಂತ ಲೆಕ್ಕ ಕೇಳಿದ್ರ ಲೆಕ್ಕ ತಲಿಗೆ ಹೋಗಂಗಿಲ್ಲ" ಎಂಬುದು ಅವರ ಸಿದ್ಧಾಂತ. ಲೆಕ್ಕ ಮುಗಿದ ಮೇಲೆ ಒಂದು ಏಲಕ್ಕಿ ಕೊಡುತ್ತಿದ್ದರು, ಅಷ್ಟೇ ಉಪಚಾರ.

ನನ್ನ ಕಥೆ ಕೇಳಿ ಅವರು ನಕ್ಕುಬಿಟ್ಟರು. ಅದೇ ಸಾಹೇಬರ ಆಫೀಸಿನಲ್ಲಿ ಅವರು ಬಹಳ ವರ್ಷ ದುಡಿದಿದ್ದರು. ಅಲ್ಲೊಂದು ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ಹಳೇ ಫೋನುಗಳು, ಒಂದೊಂದಕ್ಕೂ ಒಂದೊಂದು ಅಂಗಡಿಯ ಹೆಸರಿನ ಚೀಟಿ. ಆ ಫೋನುಗಳನ್ನು ಕಾಯುವುದೇ ಆಪಾರ ನೌಕರಿ. ಗಿರಾಕಿ ಮುನಿಸಿಕೊಂಡು ಬಿಟ್ಟುಹೋದರೆ ಅವನ ಫೋನನ್ನು ಬಂದ್ ಮಾಡಿ ಡಬ್ಬಿಗೆ ಹಾಕುವುದು ಅಲ್ಲಿನ ಪದ್ಧತಿ. "ನಿಮ್ಮ ಫೋನು ಕಿಟಕಿ ಕಡೆ ಇತ್ತು," ಅಂದರು ನನಗೆ. ಅಂಥ ಫೋನುಗಳನ್ನು ಡಬ್ಬಿಗೆ ಹಾಕಿ ಹಾಕಿ ಬೇಸತ್ತೇ ಅವರು ಆ ನೌಕರಿ ಬಿಟ್ಟದ್ದು.

ನಾನು ಒಂದು ಉಪಾಯ ಹೇಳಿದೆ. ಆ ಆಫೀಸಿನಲ್ಲಿ ಈಗಲೂ ನಿಮ್ಮ ಪರಿಚಯದವರು ಇದ್ದಾರಲ್ಲ, ಒಂದು ಸಲ ಆ ಫೋನು ಚಾಲೂ ಮಾಡಿ ಗುಟ್ಟಾಗಿ ಓಟಿಪಿ ಹೇಳಿದರೆ ಕೆಲಸ ಆಯಿತಲ್ಲ ಎಂದು. ಆಪಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಮ್ಮ ಅಬ್ಬಾ ಸಂತ್ಯಾಗ ಕುಂತು ಕೀಲಿ ರಿಪೇರಿ ಮಾಡ್ತಿದ್ರು. ಚಾವಿ ಮಾಡಿದವ ಒಂದು ಚಾವಿ ತನ್ನ ಕಡೆ ಇಟ್ಕಂಡ್ರ ಅವ ಕಾರೀಗಾರ ಅಲ್ಲ, ಕಳ್ಳ ಅಂತಿದ್ರು. ಕಳ್ಳ ಬಾಗಿಲ್ದಾಗ ನಾ ಕೆಲಸ ಮಾಡಂಗಿಲ್ಲ. ಮುಂದಿನ ಬಾಗಿಲ್ದಾಗ ಹೋಗೂಣು, ತಡಾ ಆಕ್ಕೈತಿ. ನಡೀತೈತೇನು?"

ನಡೆಯುವುದಿಲ್ಲ ಎನ್ನುವ ಸ್ಥಿತಿ ನನ್ನದಲ್ಲ. ಮುಂದಿನ ಬಾಗಿಲು ಅಂದರೆ ತೆರಿಗೆ ಕಚೇರಿ. ಮಾಲೀಕರು ಖುದ್ದಾಗಿ ಹೋಗಿ, ಅಂಗಡಿ ತಮ್ಮದೆಂದು ತೋರಿಸಿ, ಹೊಸ ಫೋನ್ ನಂಬರು ಹಾಕಿಸಬೇಕು. ಮಾಲೀಕರು ಯಾರು? ಶಿವಮ್ಮ. ಆ ದಿನ ಮನೆಗೆ ಬಂದು, ನಾಳೆ ಸಿಂಧನೂರಿಗೆ ಬರಬೇಕು, ಅಂಗಡಿ ನಿನ್ನ ಹೆಸರಿನಲ್ಲಿದೆ ಎಂದಾಗ ಅವಳು ಒಲೆಯ ಮುಂದಿನಿಂದ ಎದ್ದು ಬಂದು ನನ್ನ ಮುಖವನ್ನೇ ನೋಡಿದಳು. ಎಂದೋ ಹಾಕಿದ ಸಹಿ ಅವಳಿಗೆ ರೇಷನ್ ಕಾರ್ಡಿನದೆಂದು ನೆನಪಿತ್ತು.

ಆಪಾ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಕಚೇರಿಯ ಅಧಿಕಾರಿ ಒಳ್ಳೆಯ ಮನುಷ್ಯ. ಕಾಗದಗಳನ್ನೆಲ್ಲ ನೋಡಿ, ಕೊನೆಗೆ ಸಹಜವಾಗಿ ಕೇಳಿದರು: "ಈ ಅಂಗಡಿ ನಿಮ್ದೇನಮ್ಮಾ?"

ಶಿವಮ್ಮ ಸೆರಗು ಸರಿಮಾಡಿಕೊಂಡು ನನ್ನ ಕಡೆ ಕೈ ತೋರಿಸಿದಳು. "ನಂದಲ್ರಿ, ಇವರದು."

ಅಧಿಕಾರಿ ಫೈಲು ಮುಚ್ಚಿದರು. ಮುಚ್ಚದೆ ಏನು ಮಾಡಬೇಕು? ಅಂಗಡಿ ತನ್ನದಲ್ಲ ಎಂದು ಮಾಲೀಕಳೇ ಹೇಳಿದ ಮೇಲೆ ಅವರಾದರೂ ಯಾವ ಆಧಾರದ ಮೇಲೆ ನಂಬರು ಬದಲಿಸಬೇಕು? ವಿಚಾರಿಸಿಕೊಂಡು ಇನ್ನೊಮ್ಮೆ ಬನ್ನಿ ಅಂದರು. ಹೊರಗೆ ಬಂದು ನಾನು ಶಿವಮ್ಮನ ಮೇಲೆ ಹರಿಹಾಯ್ದೆ. ಆಪಾ ನಡುವೆ ನಿಂತು, "ಆಕಿ ಖರೇನ ಹೇಳ್ಯಾಳ. ನೀವ್ ಹೇಳಿಲ್ಲ," ಅಂದರು.

ಮಸ್ಕಿಗೆ ಮರಳುವ ಬಸ್ಸಿನಲ್ಲಿ ಆಪಾ ಶಿವಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನನ್ನನ್ನು ಹಿಂದಿನ ಸೀಟಿಗೆ ಅಟ್ಟಿದರು. ಹಾದಿಯುದ್ದಕ್ಕೂ ಎರಡು ತಲೆಗಳು ಕೂಡಿಕೊಂಡೇ ಇದ್ದವು, ಒಂದಕ್ಕೆ ದುಪಟ್ಟಾ, ಒಂದಕ್ಕೆ ಸೆರಗು. ಮಾತು ನನಗೆ ಕೇಳಿಸುತ್ತಿರಲಿಲ್ಲ, ಬಸ್ಸಿನ ಗಾಜುಗಳ ಸದ್ದು ಅಷ್ಟಿತ್ತು. ಇಳಿದ ಮೇಲೆ ಶಿವಮ್ಮ ಮನೆ ಕಡೆ ಹೋಗದೆ ಸೀದಾ ಅಂಗಡಿಗೆ ಬಂದಳು. ಯಾವ ಮಾಲು ಎಲ್ಲಿಂದ ಬರುತ್ತದೆ, ಬಿಲ್ಲು ಯಾವುದು, ಅದರಲ್ಲಿ ತೆರಿಗೆ ಎಲ್ಲಿ ಬರೆದಿದೆ ಎಂದು ಒಂದೊಂದೇ ಕೇಳಿದಳು. ನಾನು ಗೊಣಗಿಕೊಂಡೇ ಹೇಳಿದೆ. ಮುಂದೆಯೂ ಕೆಲವು ದಿನ ಮಧ್ಯಾಹ್ನ ಊಟದ ಡಬ್ಬಿ ತಂದವಳು ಅಲ್ಲೇ ಕೂತಳು.

ಎರಡನೇ ಸಲ ಹೋದಾಗ ಅಧಿಕಾರಿ ಅದೇ ಪ್ರಶ್ನೆ ಕೇಳಿದರು. "ಹೌದ್ರಿ, ನಂದ," ಅಂದಳು ಶಿವಮ್ಮ. ದನಿ ಸಣ್ಣದಿತ್ತು, ಆದರೆ ತಲೆ ತಗ್ಗಿರಲಿಲ್ಲ. ಫೋನ್ ನಂಬರು ಹೇಳಿ ಅಂದಾಗ ನಾನು ನನ್ನದು ಶುರುಮಾಡಿದೆ. ಆಪಾ ಕೈ ಅಡ್ಡ ಹಿಡಿದು, ಹೆಸರು ಯಾರದೋ ನಂಬರು ಅವರದೇ ಎಂದರು. ಹೀಗೆ ನಮ್ಮ ಅಂಗಡಿಯ ಚಾವಿ ಶಿವಮ್ಮನ ಪುಟ್ಟ ಬಟನ್ ಫೋನಿಗೆ ಬಂದು ಸೇರಿತು. ಬಾಕಿ ಲೆಕ್ಕವನ್ನೆಲ್ಲ ಆಪಾ ಕೂತು ಸಲ್ಲಿಸಿದರು, ದಂಡ ಕಟ್ಟಿದೆವು, ಅಮಾನತು ಹೋಯಿತು. ನೀರು ಇನ್ನೂ ಕಾಲುವೆಯಲ್ಲಿ ಇರುವಾಗಲೇ ನನ್ನ ಪೈಪಿನ ಲಾರಿ ಬಂತು.

ಅವರ ಈ ನೇಮ ಎಲ್ಲರಿಗೂ ಹಿಡಿಸಲಿಲ್ಲ. ಬೀಜ ಗೊಬ್ಬರದ ದೊಡ್ಡ ವ್ಯಾಪಾರಿಯೊಬ್ಬರು, ತಮ್ಮ ಅಂಗಡಿಗಳಷ್ಟೂ ನಿಮಗೇ, ಆದರೆ ನಂಬರು ನಿಮ್ಮದೇ ಹಾಕಿಕೊಳ್ಳಿ, ಇಪ್ಪತ್ತನೇ ತಾರೀಖಿಗೆ ನನ್ನ ನಿದ್ದೆ ಕೆಡಿಸಬೇಡಿ ಅಂದರು. ಆಪಾ ಒಲ್ಲೆ ಅಂದರು. ಅವರು ಹೋದರು, ಅವರ ಹಿಂದೆ ಇನ್ನಷ್ಟು ಮಂದಿ ಹೋದರು. ಆ ವರ್ಷ ಆಪಾರ ಸ್ಕೂಟಿ ಮಾರಾಟವಾಯಿತು. ಬಿಸಿಲಿನಲ್ಲಿ ಕೊಡೆ ಹಿಡಿದು ನಡೆದೇ ಅಂಗಡಿ ಅಂಗಡಿಗೆ ಬರುತ್ತಿದ್ದರು. ಅದೇ ಹೊತ್ತಿಗೆ ಸಿಂಧನೂರಿನ ಹಳೇ ಸಾಹೇಬರಿಂದ ಮಾತು ಬಂತು. ಮಸ್ಕಿಯ ಗಿರಾಕಿಗಳನ್ನೆಲ್ಲ ನಮಗೆ ಬಿಟ್ಟುಕೊಡಿ, ತಲೆಗಿಷ್ಟು ಎಂದು ಕೊಡುತ್ತೇವೆ, ನೀವೂ ಪಗಾರಕ್ಕೆ ಬನ್ನಿ ಎಂದು. ನಾನಾದರೆ ಒಪ್ಪುತ್ತಿದ್ದೆ, ಅವರಿಗೂ ಒಪ್ಪಿಕೊಳ್ಳಿ ಅಂತಲೇ ಹೇಳಿದೆ.

"ಗಿರಾಕಿ ಅಂದ್ರ ಕುರಿ ಏನ್ರಿ, ತಲಿ ಎಣಿಸಿ ಮಾರಾಕ?" ಅಂದರು. ಆ ವಾರವೇ ಪೇಂಟರನ್ನು ಕರೆಸಿ, ಮಾಸಿದ್ದ ಬೋರ್ಡಿಗೆ ಮತ್ತೆ ಬಣ್ಣ ಹಚ್ಚಿಸಿದರು. ಅದೇ ಬೋರ್ಡು, ಅದೇ ಹೆಸರು. ಏಣಿಯ ಕೆಳಗೆ ಕೊಡೆ ಹಿಡಿದು ನಿಂತು, ಅಕ್ಷರ ಒಣಗುವ ತನಕ ಅಲ್ಲಾಡಲಿಲ್ಲ. ಇಂಥ ಮೊಂಡರನ್ನು ನಾನು ಮತ್ತೆ ನೋಡಿಲ್ಲ. ಹೋದ ಗಿರಾಕಿಗಳಲ್ಲಿ ಕೆಲವರು ಆಮೇಲೆ ಒಬ್ಬೊಬ್ಬರೇ ತಿರುಗಿ ಬಂದರು. ಏನೂ ಆಗಿಲ್ಲವೆಂಬಂತೆ ಅವರಿಗೂ ಏಲಕ್ಕಿ ಸಿಕ್ಕಿತು.

ಹೋದ ವರ್ಷ ಆಪಾರಿಗೆ ಎದೆಯ ಕಾಯಿಲೆ ಕಾಣಿಸಿಕೊಂಡಿತು. ರಾಯಚೂರಿಗೆ ಹೋಗಿ ತೋರಿಸಿಕೊಂಡು ಬಂದವರು ಯಾರಿಗೂ ಏನೂ ಹೇಳಲಿಲ್ಲ. ಬದಲಿಗೆ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಕರೆಸಿ, ಅವರವರ ಕಾಗದ ಅವರವರ ಕೈಗೆ ಕೊಟ್ಟು, ಇನ್ನು ಬೇರೆಯವರ ಹತ್ತಿರ ಮಾಡಿಸಿಕೊಳ್ಳಿ ಅಂದರು. ಪಾಮನಕಲ್ಲೂರಿನ ಮಲ್ಲಿಕಾರ್ಜುನ ಎಂಬಾತ ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದಾಗಿ ಆಫೀಸು ತೆರೆದಿದ್ದ. ಅವನ ಹೆಸರನ್ನೂ ಹೇಳಿದರು, ಬೇರೆ ಹೆಸರುಗಳನ್ನೂ ಹೇಳಿದರು. ಆರಿಸಿಕೊಳ್ಳುವುದು ನಿಮಗೆ ಬಿಟ್ಟದ್ದು ಎಂದರು. ನಾವು ಮಲ್ಲಿಕಾರ್ಜುನನನ್ನು ಆರಿಸಿಕೊಂಡೆವು.

ನಾವಿಬ್ಬರೂ ಅವರನ್ನು ಕೊನೆಯ ಸಲ ನೋಡಿದ್ದು ಅವರ ಮನೆಯಲ್ಲಿ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮುಖ ಇಳಿದಿತ್ತು, ದನಿ ಇನ್ನೂ ತಗ್ಗಿತ್ತು. ಶಿವಮ್ಮ ಅವರ ಕೈ ಹಿಡಿದುಕೊಂಡು, "ನೀವ್ ಇಲ್ಲಂದ್ರ ನಮಗ ಹೆಂಗ್ರಿ ಆಪಾ?" ಎಂದು ಅತ್ತಳು.

"ಹೆಂಗಂದ್ರ? ಚಾವಿ ನಿನ್ ಕಡೇನ ಐತಲ್ಲ. ಅಳಬ್ಯಾಡ. ಯಾರೇ ಫೋನ್ ಮಾಡ್ಲಿ, ಮೊದಲ ಏನು ಕೇಳ್ತಿ?"

ಶಿವಮ್ಮ ಕಣ್ಣು ಒರೆಸಿಕೊಂಡು, ಖರೀದಿ, ಮಾರಾಟ, ತೆರಿಗೆ ಎಂದು ಹೇಳಿದಳು. ಆಪಾ ತಲೆದಿಂಬಿನ ಕೆಳಗೆ ತಡಕಾಡಿ, ಅವಳ ಕೈಗೆ ಒಂದು ಏಲಕ್ಕಿ ಇಟ್ಟರು. ನನಗೆ ಕೊಡಲಿಲ್ಲ. ಆ ವಾರದಲ್ಲೇ ಹೋಗಿಬಿಟ್ಟರು. ಖಬರಸ್ತಾನದ ಹೊರಗೆ ಬಜಾರಿಗೆ ಬಜಾರೇ ಬಂದು ನಿಂತಿತ್ತು. ಗೊಬ್ಬರದ ವ್ಯಾಪಾರಿಯೂ ಬಂದಿದ್ದರು.

ಮುಂದಿನ ತಿಂಗಳ ಇಪ್ಪತ್ತನೇ ತಾರೀಖು ಸಂಜೆ ನಾವು ಅಂಗಡಿಯಲ್ಲಿದ್ದೆವು. ಶಿವಮ್ಮನ ಫೋನು ಬಡಿಯಿತು. ಮಲ್ಲಿಕಾರ್ಜುನ. ಹಲೋ ಅಂದ, ನಮಸ್ಕಾರ ಅಂದ, ಅಕ್ಕಾ ಬೇಗ ಓಟಿಪಿ ಹೇಳ್ರಿ ಅಂದ. ಗಿರಾಕಿಗಳು ನಿಂತಿದ್ದರು. ನಾನೂ ಹೇಳಿಬಿಡು ಎಂದು ಕೈಸನ್ನೆ ಮಾಡಿದೆ. ಶಿವಮ್ಮ ನನಗೆ ಬೆನ್ನು ತಿರುಗಿಸಿದಳು.

"ಮೊದಲ ಲೆಕ್ಕ ಹೇಳಪಾ. ಓಟಿಪಿ ಆಮ್ಯಾಲೆ."

ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸಿತು. "ಏನ್ರಿ ಅಕ್ಕಾ, ಮುಂಜಾನಿಂದ ಯಾವ ಅಂಗಡಿಗಿ ಫೋನ್ ಮಾಡಿದ್ರೂ ಇದ ಕೇಳಾಕತ್ತಾರ. ಇದ್ಯಾರು ಕಲಿಸ್ಯಾರ ನಿಮಗೆಲ್ಲ?"

ಶಿವಮ್ಮ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು. ಪೈಪಿಗೆ ಬಂದ ಗಿರಾಕಿಗೆ ಸ್ವಲ್ಪ ತಡೆಯಪ್ಪಾ ಎಂದು ಹೇಳಿ ನಾನೂ ಫೋನಿನತ್ತ ಕಿವಿ ಕೊಟ್ಟೆ. ಮಲ್ಲಿಕಾರ್ಜುನ ಖರೀದಿ ಹೇಳಿದ, ಮಾರಾಟ ಹೇಳಿದ, ತೆರಿಗೆ ಹೇಳಿದ. ಶಿವಮ್ಮ ಪೂರ್ತಿ ಕೇಳಿದಳು.

"ಒಪ್ಪಿಗಿ ಐತಿ," ಅಂದಳು. "ಈಗ ಬರ್ಕೋ."